ಜವರಮ್ಮನಿಗೆ ಹೇಳಿದ್ದು

ನಮ್ಮೂರಲ್ಲಿ ಸತ್ತವರಿಗೆ ತಾವು ಸತ್ತದ್ದು ಗೊತ್ತಾಗುವುದಿಲ್ಲ. ಯಾರಾದರೂ ಹೇಳಬೇಕು. ಹೇಳುವ ತನಕ ಅವರು ಮನೆಯಲ್ಲೇ ಇರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಬೆಳಗಾದರೆ ದನ ಬಿಟ್ಟಿರಾ ಎನ್ನುತ್ತಾರೆ, ಬಿಸಿಲೇರಿದರೆ ಕಾಗೆ ಸಂಡಿಗೆಗೆ ಬಾಯಿ ಹಾಕುತ್ತಿದೆ ನೋಡಿ ಎನ್ನುತ್ತಾರೆ. ಅವರ ಮಾತು ನಮಗೆಲ್ಲ ಕೇಳುತ್ತದೆ. ನಮ್ಮ ಮಾತು ಅವರಿಗೆ ಕೇಳುವುದಿಲ್ಲ. ದೊಡ್ಡವರು ಗಂಟಲು ಹರಿಯುವ ಹಾಗೆ ಕೂಗಿದರೂ ಅಷ್ಟೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದ, ಇನ್ನೂ ದೊಡ್ಡವರಾಗದ ಮಕ್ಕಳ ಮಾತು ಮಾತ್ರ ಅವರ ಕಿವಿಗೆ ಬೀಳುತ್ತದೆ. ಅದರಲ್ಲೂ ಅವರು ನಂಬಬೇಕಾದರೆ ಸ್ವಂತ ಮನೆಯ ಮಗುವೇ ಆಗಬೇಕು. ನೆರೆಮನೆಯ ಹುಡುಗ ಬಂದು ಹೇಳಿದರೆ, ಹೋಗೋ ಕಪಿ, ನಿಮ್ಮಪ್ಪನಿಗೆ ಹೇಳ್ತೀನಿ ಎಂದು ಗದರಿ ಕಳಿಸುತ್ತಾರೆ.

ಹಾಗಾಗಿ ನಮ್ಮಲ್ಲಿ ಅಪ್ಪ ಸತ್ತರೆ ಅಪ್ಪನಿಗೆ ಮಗು ಹೇಳಬೇಕು, ಅಜ್ಜಿ ಸತ್ತರೆ ಅಜ್ಜಿಗೆ ಮೊಮ್ಮಗು ಹೇಳಬೇಕು. ಮಣ್ಣು ಮಾಡಿದ ಮೂರನೆಯ ದಿನ ಗುಡ್ಡೆಗೆ ಹಾಲುತುಪ್ಪ ಬಿಟ್ಟು ಬರುತ್ತೇವೆ, ಅವತ್ತೇ ಹೇಳಿ ಮುಗಿಸುವುದು ಪದ್ಧತಿ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಮೊದಲು ಇದನ್ನು ಕೇಳಿ ಹೌಹಾರುತ್ತಾರೆ. ಹಾಲುಗಲ್ಲದ ಕೂಸಿನ ಬಾಯಲ್ಲಿ ಇಂಥ ಮಾತು ಆಡಿಸುತ್ತೀರಾ, ನಿಮಗೆ ಕರುಳಿಲ್ಲವಾ ಎಂದು ಕೇಳುತ್ತಾರೆ. ಆಮೇಲೆ ಅವರ ಮನೆಯಲ್ಲೂ ಒಂದು ಸಾವು ಆಗುತ್ತದೆ, ಅವರ ಮಗುವೂ ಹೇಳುತ್ತದೆ. ಅಲ್ಲಿಂದ ಮುಂದೆ ಅವರೂ ನಮ್ಮೂರಿನವರೇ.

ಇಂಥ ಊರಲ್ಲಿ ಮಕ್ಕಳನ್ನು ತಯಾರು ಮಾಡುವವರು ಒಬ್ಬರು ಬೇಕಲ್ಲ. ನಾನು ಕಂಡ ಹಾಗೆ ಆ ಕೆಲಸದಲ್ಲಿ ದ್ಯಾವಜ್ಜಿಯನ್ನು ಮೀರಿಸಿದವರು ಯಾರೂ ಇಲ್ಲ. ಅವಳದು ಪುರಿಭಟ್ಟಿ. ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ, ಅದರಲ್ಲಿ ಅಕ್ಕಿ ಸುರಿದು, ಕಡ್ಡಿಪೊರಕೆಯಿಂದ ತಿರುವಿದಳೆಂದರೆ ಮಲ್ಲಿಗೆ ಅರಳಿದ ಹಾಗೆ ಪುರಿ ಅರಳುತ್ತಿತ್ತು. ಇಸ್ಕೂಲು ಬಿಟ್ಟ ಮಕ್ಕಳೆಲ್ಲ ಬಿಸಿ ಪುರಿಯ ಆಸೆಗೆ ಅಲ್ಲಿಗೇ ಓಡುತ್ತಿದ್ದವು. ಅವಳು ಪಾಠ ಅಂತ ಕೂರಿಸಿ ಹೇಳಿದ್ದನ್ನು ನಾನು ನೋಡಿಲ್ಲ. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ಪೊರಕೆ ಆಡಿಸುತ್ತಾ, ಇವತ್ತು ಯಾರ್ಯಾರು ಏನೇನು ಮುರಿದು ಬಂದಿರಿ ಎಂದು ಕೇಳುವಳು. ಮುರಿದವರು ಮುರಿದದ್ದನ್ನು ಹೇಳಬೇಕು. ಹೇಳಿದವರಿಗೆ ಪುರಿ. ಆಮೇಲೆ, ಯಾರ ವಸ್ತುವೋ ಅವರ ಮನೆಗೇ ಹೋಗಿ ಹೇಳಿ ಬರಬೇಕು. ಹೇಳಿ ಬಂದವರಿಗೆ ಬೆಲ್ಲ.

ಪಕ್ಕದ ಮನೆಯ ಹೊನ್ನಿ ನಮ್ಮ ಮನೆಗೂ ಹಾಗೇ ಒಂದು ಸಲ ಬಂದಿದ್ದಳು. ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಮೊಳಕಾಲೆತ್ತರದ ಗೋಡೆ ಅಷ್ಟೆ. ನಾವು ಮದುವೆಗೆ ಹೋಗುವಾಗ ಕೋಳಿ ಮುಚ್ಚುವ ಕೆಲಸ ಅವಳಿಗೆ ಒಪ್ಪಿಸಿದ್ದೆವು. ಆಟದ ಗುಂಗಲ್ಲಿ ಮರೆತಳು. ಮುಂಗುಸಿ ಬಂದು ಮರಿಗಳನ್ನೆಲ್ಲ ಮುರಿದು ಹಾಕಿತು. ಮಾರನೆಯ ದಿನ ನನ್ನ ಹೆಂಡತಿ ಅಂಗಳ ಗುಡಿಸುತ್ತಿದ್ದಾಗ ಹುಡುಗಿ ಬಂದು, ನಾನು ಪಂಜರ ಮುಚ್ಚಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಓಡಿಬಿಟ್ಟಳು. ಇನ್ನೂ ಪೊರಕೆ ಕೆಳಗಿಟ್ಟಿಲ್ಲ, ತಿರುಗಿ ಬಂದಳು. ದ್ಯಾವಜ್ಜಿ ವಾಪಸು ಕಳಿಸಿದ್ದಳಂತೆ. ಹೇಳಿ ಓಡಿ ಬಂದರೆ ಅದು ಹೇಳಿದ ಹಾಗಲ್ಲ, ಅವರು ಬೈಯುವಷ್ಟು ಬೈದು ಕೇಳುವಷ್ಟು ಕೇಳಿ ಮುಗಿಸುವ ತನಕ ಎದುರಿಗೆ ನಿಂತಿರಬೇಕು ಎಂದಳಂತೆ. ನನ್ನ ಹೆಂಡತಿಯ ಬಾಯಿ ಊರಿಗೇ ಗೊತ್ತು. ಮುಂಗುಸಿಯ ಜನ್ಮ ಜಾಲಾಡಿ, ಹುಡುಗಿಯ ಅಪ್ಪನ ಮರೆವು, ಅಪ್ಪನ ಅಪ್ಪನ ಮರೆವು ಎಲ್ಲ ತೆಗೆದಳು. ಆ ಮಗು ಕೈಕಟ್ಟಿಕೊಂಡು ನಿಂತೇ ಇತ್ತು, ಮೂಗು ಸೋರುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಕೊನೆಗೆ ಬೈಯುವವಳಿಗೇ ಸುಸ್ತಾಗಿ, ಹೋಗು ನಿನ್ನ ಬಾಯಿಗೆ ಸಕ್ಕರೆ ಹಾಕ ಎಂದು ಒಳಗೆ ಹೋದಳು.

ದ್ಯಾವಜ್ಜಿ ಇದನ್ನೆಲ್ಲ ಯಾಕೆ ಮಾಡಿಸುತ್ತಾಳೆಂದು ಮಕ್ಕಳಿಗೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಬೀದಿಯ ಕೊನೆಯಲ್ಲಿ ಪಟೇಲರ ಮನೆಯೊಂದಿತ್ತು, ಅದರ ಮುಂದೆ ಹಾದುಹೋಗುವ ಮಕ್ಕಳಿಗೆಲ್ಲ ತಿಳಿಯುತ್ತಿತ್ತು. ಆ ಮನೆಯ ಹಿರಿಯ ಸತ್ತಾಗ ಅವನ ಮೊಮ್ಮಗನ ಕೈಲಿ ಮನೆಯವರು ಮೆತ್ತಗಿನ ಮಾತು ಆಡಿಸಿದ್ದರು. ತಾತ, ನೀನು ಬಹಳ ದೂರದ ಊರಿಗೆ ಹೊರಟಿದ್ದೀಯ ಎಂದು ಹೇಳಿಸಿದರು. ಹಿರಿಯ ಸಂತೋಷವಾಗಿ, ಹಾಗಾದರೆ ಗಾಡಿ ಕಟ್ಟಿಸಿ, ನನ್ನ ಕೊಡೆ ಎಲ್ಲಿ ಎಂದ. ಗಾಡಿ ಬರಲಿಲ್ಲ. ಮನೆಯವರು ನಾಳೆ ಹೇಳಿಸೋಣ, ನಾಡಿದ್ದು ಹೇಳಿಸೋಣ ಎನ್ನುತ್ತಾ ಹೋದರು. ಅಷ್ಟರಲ್ಲಿ ಮೊಮ್ಮಗನಿಗೆ ಮೀಸೆ ಮೂಡಿ ದನಿ ಒಡೆಯಿತು. ಆಮೇಲೆ ಅವನು ಬಾಗಿಲಲ್ಲಿ ನಿಂತು ಎಷ್ಟು ಅತ್ತರೂ ತಾತನಿಗೆ ಕೇಳಿಸಲಿಲ್ಲ. ಕೊನೆಗೆ ಮನೆಯವರೇ ಬಿಟ್ಟುಹೋದರು. ಬಾಗಿಲು ಮುಚ್ಚಿದ ಆ ಮನೆಯೊಳಗಿಂದ ಈಗಲೂ, ಗಾಡಿ ಬಂತೇನ್ರೋ, ಯಾಕ್ರೋ ಯಾರೂ ಮಾತಾಡಲ್ಲ, ನನ್ನ ಮೇಲೆ ಏನು ಕೋಪ ಎಂದು ದನಿ ಬರುತ್ತದೆ. ಹೇಳಿಸಿಕೊಳ್ಳದವರ ಕಷ್ಟ ಇದೇ. ಸತ್ತದ್ದು ಅವರಿಗೆ ದುಃಖವಲ್ಲ. ಮನೆಯವರೆಲ್ಲ ತನ್ನ ಜೊತೆ ಮಾತು ಬಿಟ್ಟರು ಅಂದುಕೊಳ್ಳುತ್ತಾರೆ.

ಈಗ ಜವರಮ್ಮನ ವಿಷಯಕ್ಕೆ ಬರುತ್ತೇನೆ. ಜವರಮ್ಮ ಅಂದರೆ ಹೊನ್ನಿಯ ತಾಯಿ. ಅವಳ ಗಂಡ ಬೋರಲಿಂಗ. ಅವರದು ರೇಷ್ಮೆಹುಳು ಸಾಕುವ ಮನೆ. ನಾನು ಬಿದಿರಿನ ಚಂದ್ರಿಕೆ ಹೆಣೆಯುವವನು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಅಗಲದ ತಟ್ಟೆಯೇ ಚಂದ್ರಿಕೆ. ಹಾಗಾಗಿ ಆ ಮನೆಗೂ ನನಗೂ ಕೆಲಸದ ನಂಟೂ ಇತ್ತು. ಹುಳುಮನೆಯ ಯಜಮಾನಿಕೆ ಪೂರ್ತಿ ಜವರಮ್ಮನದೇ. ಪೊರೆ ಬಿಡಲು ಮೇವು ನಿಲ್ಲಿಸಿ ಹುಳು ಜ್ವರಕ್ಕೆ ಕೂತಿತೋ, ಪೊರೆ ಬಿಟ್ಟು ಎದ್ದಿತೋ ಎಂಬುದನ್ನು ಬಾಗಿಲಲ್ಲಿ ನಿಂತು ವಾಸನೆಯಲ್ಲೇ ಹೇಳುವಳು. ಬೋರಲಿಂಗ ಒಳ್ಳೆಯವನು, ಮೈಬಲದವನು, ಹೆಂಡತಿ ಹೇಳಿದ ಕಡೆ ಹೊರೆ ಇಳಿಸುವವನು. ಅವಳಿಲ್ಲದೆ ಒಂದು ಲೋಟ ಎಲ್ಲಿದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ಹುಳು ಎರಡನೇ ಜ್ವರ ಎದ್ದು ಹಸಿದು ಕೂತಿದ್ದ ದಿನ ಜವರಮ್ಮ ಸೊಪ್ಪಿನ ಹೊರೆ ಹೊತ್ತು ಬಂದಳು. ಪಡಸಾಲೆಯಲ್ಲಿ ಹೊರೆ ಇಳಿಸಿದಳು. ಕಂಬಕ್ಕೆ ಒರಗಿ ಕೂತು, ಹೊನ್ನಿ, ಒಂದು ಚೊಂಬು ನೀರು ತಾರೆ ಎಂದಳು. ಹುಡುಗಿ ನೀರು ತರುವಷ್ಟರಲ್ಲಿ ತಾಯಿಯ ಜೀವ ಹೋಗಿಬಿಟ್ಟಿತ್ತು. ಹೊಲದಿಂದ ಬೋರಲಿಂಗನನ್ನು ಕರೆಸಿದೆವು. ತೋಟದ ಬದಿಯಲ್ಲಿ ಮಣ್ಣು ಮಾಡಿ ಬಂದು ಕೈಕಾಲು ತೊಳೆಯುತ್ತಿದ್ದೇವೆ, ಪಡಸಾಲೆಯಿಂದ ದನಿ ಬಂತು.

"ನೀರು ತಾ ಅಂದ್ನಲ್ಲೇ, ಎಲ್ಲೋದೆ?"

ಹೊನ್ನಿ ಚೊಂಬು ತಂದು ಕಂಬದ ಹತ್ತಿರ ಇಟ್ಟಳು. ಇಕೋ ಅವ್ವ ಎಂದಳು. ಅಪ್ಪನ ಮುಖ ನೋಡಿದಳು.

ಹಾಲುತುಪ್ಪದ ದಿನ ದ್ಯಾವಜ್ಜಿ ಭಟ್ಟಿ ಆರಿಸಿ, ಮಡಿ ಸೀರೆ ಉಟ್ಟು ಬಂದಳು. ಪದ್ಧತಿಯಂತೆ ಮಗುವಿನ ತಲೆಗೆ ಎಣ್ಣೆ ಮುಟ್ಟಿಸಿ ಒಳಗೆ ಕಳಿಸಬೇಕು. ಬೋರಲಿಂಗ ಬಾಗಿಲಿಗೆ ಅಡ್ಡ ನಿಂತ. ಹೇಳಿಸುವುದು ಬೇಡ ಎಂದ. ನಾವು ಅಲ್ಲಿದ್ದವರೆಲ್ಲ ಒಂದೊಂದು ಮಾತು ಹೇಳಿದೆವು. ಅವನು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ವಯಸ್ಸಿಗೆ ತಾಯಿ ಹೋದದ್ದೇ ಸಾಲದೇ, ಅವಳ ಬಾಯಿಂದಲೇ ತಾಯನ್ನು ಕಳಿಸಬೇಕೇ ಎಂದ. ಅದು ನಿಜವೂ ಹೌದು. ಆದರೆ ಆಮೇಲೆ ಅವನು ದ್ಯಾವಜ್ಜಿಯ ಕಡೆ ತಿರುಗಿ ಇನ್ನೊಂದು ಮಾತು ಹೇಳಿದ, ಅದು ಅದಕ್ಕಿಂತ ನಿಜ.

"ದನಿನಾದ್ರೂ ಇರ್ಲಿ ಬಿಡಜ್ಜಿ. ಬರೀ ದನಿ ತಾನೆ, ಯಾರಿಗೇನು ಭಾರ."

ದ್ಯಾವಜ್ಜಿ ಅವನ ಮೇಲೆ ಸಿಟ್ಟಾಗುತ್ತಾಳೆಂದು ನಾನು ನೆನೆಸಿದ್ದೆ. ಆಗಲಿಲ್ಲ. ಅಲ್ಲೇ ಜಗಲಿಯ ಮೇಲೆ ಕೂತು, ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟಳು.

"ನಿನ್ನ ಮಗಳು, ನಿನ್ನ ಹೆಂಡ್ತಿ. ಬ್ಯಾಡ ಅಂದ್ರೆ ನಾನು ಹೇಳ್ಸಾಕಿಲ್ಲ ಕಣಪ್ಪ. ಆದ್ರೆ ಅವ್ಳು ಕೇಳ್ತಾಳೆ. ನನ್ನ ಗಂಡ ಯಾಕೆ ಮಾತಾಡಲ್ಲ ಅಂತ ಕೇಳ್ತಾಳೆ. ಅವಾಗ ಈ ಮಗ ಏನ್ ಹೇಳ್ಬೇಕು, ಅದನ್ನೂ ನೀನೇ ಹೇಳ್ಕೊಡು."

ಅಷ್ಟು ಹೇಳಿ, ಹೊನ್ನಿಯ ತಲೆ ಸವರಿ, ಹೊರಟುಹೋದಳು.

ದ್ಯಾವಜ್ಜಿ ಹೇಳಿದ ಹಾಗೇ ಆಯಿತು. ಸತ್ತವರಿಗೆ ಮನೆ ಮಂಜು ಕವಿದ ಹಾಗೆ ಕಾಣುತ್ತದಂತೆ. ಇಂಥವರು ಇಲ್ಲಿ ಕೂತಿದ್ದಾರೆ, ಇಂಥವರು ಎದ್ದು ಹೋದರು ಎಂಬಷ್ಟು ತಿಳಿಯುತ್ತದೆ, ತುಟಿ ಆಡುವುದು ತಿಳಿಯುವುದಿಲ್ಲ. ಜವರಮ್ಮನಿಗೆ ಗಂಡ ಕಾಣುತ್ತಿದ್ದ. ಕರೆದರೆ ಓಗೊಡುತ್ತಿರಲಿಲ್ಲ. ಪಾಪ, ಅವನು ಓಗೊಡುತ್ತಲೇ ಇದ್ದ. ಅವಳಿಗೆ ಕೇಳುತ್ತಿರಲಿಲ್ಲ. ಯಾಕೆ ಮುಖ ಊದಿಸಿಕೊಂಡಿದ್ದೀಯ, ನಾನೇನು ಅಂದೆ ಎಂದು ಮೊದಲು ರೇಗಿದಳು. ಆಮೇಲೆ ಮಗಳನ್ನು ಕೇಳಿದಳು. ಬೋರಲಿಂಗ ಬೇರೆ ಏನೂ ತೋಚದೆ, ಗಂಟಲು ಕಟ್ಟಿದೆ ಅಂತ ಹೇಳು ಎಂದ. ಹೊನ್ನಿ ಹಾಗೇ ಹೇಳಿದಳು. ಅಪ್ಪನಿಗೆ ಗಂಟಲು ಕಟ್ಟಿದೆ, ಮಾತಾಡೋಕೆ ಆಗಲ್ಲ ಎಂದಳು.

ಅಯ್ಯೋ ಮೊದಲೇ ಹೇಳಬಾರದಿತ್ತಾ ಎಂದು ಜವರಮ್ಮನ ದನಿ ಕರಗಿಹೋಯಿತು. ಅಲ್ಲಿಂದ ಕಷಾಯ ಶುರುವಾಯಿತು. ಮೆಣಸು ಇಷ್ಟು ಜಜ್ಜು, ಶುಂಠಿ ಅಷ್ಟು ಹಾಕು, ಹಿತ್ತಿಲಲ್ಲಿ ದೊಡ್ಡಪತ್ರೆ ಇದೆ ನೋಡು, ಬೆಲ್ಲ ಕೊನೆಗೆ ಹಾಕಬೇಕು ಎಂದು ದನಿ ಹೇಳುವುದು, ಹುಡುಗಿ ಒಲೆಯ ಮುಂದೆ ಕೂತು ಮಾಡುವುದು. ಕುಡಿದನಾ ಎಂದು ಕೇಳುವುದು. ಕುಡಿಯದೆ ಕುಡಿದ ಎಂದು ಹೇಳಲು ಹೊನ್ನಿಗೆ ಮನಸ್ಸು ಬರುತ್ತಿರಲಿಲ್ಲ. ಒಂದು ಸುಳ್ಳು ಹೇಳಿದ್ದೇ ಅವಳಿಗೆ ಸಾಕಾಗಿತ್ತು. ಆದ್ದರಿಂದ ಬೋರಲಿಂಗ ಬೆಳಿಗ್ಗೆ ಸಂಜೆ ಲೋಟಗಟ್ಟಲೆ ಕಷಾಯ ಕುಡಿದ. ಗಟ್ಟಿಮುಟ್ಟಾದ ಗಂಟಲಿಗೆ ಅಷ್ಟು ಮೆಣಸು ಬಿದ್ದು ಅವನಿಗೆ ಎದೆಯುರಿ ಹತ್ತಿಕೊಂಡಿತು. ಗೋಡೆಯ ಈಚೆ ನನ್ನ ಹೆಂಡತಿ ಮೊದಲು ನಕ್ಕಳು, ಆಮೇಲೆ ನಗಲಾರದೆ ಹೋದಳು.

ಹುಳುಮನೆಯ ಕೆಲಸ ನಡೆಯುತ್ತಿತ್ತು. ಅದನ್ನು ನೋಡಿಯೇ ನನಗೆ ಆ ಹುಡುಗಿಯ ಮೇಲೆ ಗೌರವ ಹುಟ್ಟಿದ್ದು. ಹುಳು ಸಾಕುವುದೆಂದರೆ ಹುಡುಗಾಟವಲ್ಲ. ಅದಕ್ಕೆ ನಿನ್ನ ಮನೆಯಲ್ಲಿ ಸಾವಾಗಿದೆ ಎಂಬುದು ಗೊತ್ತಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಬೇಕು, ಒದ್ದೆ ಸೊಪ್ಪು ಬೀಳಬಾರದು, ಸತ್ತ ಹುಳುವನ್ನು ಆರಿಸಿ ದೂರ ಎಸೆಯಬೇಕು. ಹೊನ್ನಿ ಸ್ಟೂಲಿನ ಮೇಲೆ ಹತ್ತಿ ಮೇಲಿನ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ತಾಯಿಯ ದನಿ ಹೇಳಿಕೊಡುತ್ತಿತ್ತು. ಒಂದು ತಟ್ಟೆಗೆ ರೋಗ ಬಂತು. ಹೊನ್ನಿ ಅದನ್ನು ತಾಯಿಯಿಂದ ಮುಚ್ಚಿಡಲಿಲ್ಲ. ಇಡೀ ತಟ್ಟೆ ಹೊತ್ತುಕೊಂಡು ಹೋಗಿ ಗುಂಡಿಯಲ್ಲಿ ಹಾಕಿ ಮಣ್ಣೆಳೆದು ಬಂದು, ಹೀಗೆ ಮಾಡಿದೆ ಎಂದು ಹೇಳಿ, ಕೈ ತೊಳೆದುಕೊಂಡು ಮುಂದಿನ ತಟ್ಟೆಗೆ ಹೋದಳು. ಸರಿಯಾಗೇ ಮಾಡಿದೆ ಎಂದಿತು ದನಿ. ಬೋರಲಿಂಗ ಇದನ್ನೆಲ್ಲ ನೋಡುತ್ತಾ ಸೊಪ್ಪು ತಂದು ಹಾಕುತ್ತಿದ್ದ. ಹೆಂಡತಿ ಮಾತಾಡುತ್ತಿದ್ದಾಳೆ, ಮಗಳು ಓಗೊಡುತ್ತಿದ್ದಾಳೆ. ಮನೆ ಮೊದಲಿದ್ದ ಹಾಗೇ ಇದೆ ಎಂದು ಅವನಿಗೆ ಅನ್ನಿಸುತ್ತಿತ್ತೋ ಏನೋ.

ಹೊನ್ನಿಯ ಮುಖ ಮಾತ್ರ ಇಳಿಯುತ್ತಾ ಬಂತು. ಪುರಿಭಟ್ಟಿಗೆ ಹೋಗುವುದನ್ನು ಬಿಟ್ಟಳು. ಒಂದು ಸಂಜೆ ದ್ಯಾವಜ್ಜಿಯೇ ಸೆರಗಿನಲ್ಲಿ ಪುರಿ ಕಟ್ಟಿಕೊಂಡು ಬಂದು ನಮ್ಮ ಹಿತ್ತಿಲ ಗೋಡೆಯ ಮೇಲೆ ಕೂತಳು. ಹುಡುಗಿ ಹತ್ತಿರ ಬಂದಳು, ಪುರಿ ಮುಟ್ಟಲಿಲ್ಲ. ಇವತ್ತು ಏನು ಮುರಿದೆ ಎಂದು ಅಜ್ಜಿ ಕೇಳಲಿಲ್ಲ. ಕೊನೆಗೆ ಹುಡುಗಿಯೇ, ಅಪ್ಪ ಬೇಡ ಅಂದಿದ್ದಾರೆ, ನಾನು ಹೇಳಿದರೆ ತಪ್ಪಲ್ಲವಾ ಅಜ್ಜಿ ಎಂದಳು. ದ್ಯಾವಜ್ಜಿ ಬಹಳ ಯೋಚನೆ ಮಾಡಿದಳು. ಬೇರೆ ಯಾರಾದರೂ ಆಗಿದ್ದರೆ ಆ ಹೊತ್ತಿಗೆ ಹೌದೋ ಅಲ್ಲವೋ ಎಂದು ಹೇಳಿ ಮಗುವಿನ ಹೊರೆ ಇಳಿಸಿಬಿಡುತ್ತಿದ್ದರು. ಇವಳು ಹಾಗೆ ಮಾಡಲಿಲ್ಲ.

"ಅದು ನಂಗೆ ಗೊತ್ತಾಗಾಕಿಲ್ಲ ಕಣವ್ವ. ಆ ಮನೇಲಿರೋಳು ನೀನು. ನಿಂಗೇ ಗೊತ್ತಾಗ್ತದೆ. ಗೊತ್ತಾದಾಗ ನನ್ನ ಕೇಳಕ್ಕೆ ಬರ್ಬ್ಯಾಡ."

ಇದು ಎಂಥ ಮಾತು ಅಂತ ನನಗೆ ಆಗ ಅನ್ನಿಸಿತು. ಅಷ್ಟು ಚಿಕ್ಕ ಮಗುವಿನ ಮೇಲೆ ಇಷ್ಟು ಹೊರಿಸಬಹುದೇ ಅನ್ನಿಸಿತು. ಮುಂದಿನ ದಿನಗಳಲ್ಲಿ ಆದದ್ದು ನೋಡಿದ ಮೇಲೆ ಹಾಗೆ ಅನ್ನಿಸಲಿಲ್ಲ.

ಹುಳು ಹಣ್ಣಾಗುವ ಹೊತ್ತು ಬಂತು. ಹಣ್ಣಾದ ಹುಳು ತಿನ್ನುವುದನ್ನು ಬಿಟ್ಟು, ಮೈ ಹೊಳಪಾಗಿ, ತಲೆ ಎತ್ತಿ ಜಾಗ ಹುಡುಕುತ್ತದೆ. ಆಗ ಚಂದ್ರಿಕೆಗಳೆಲ್ಲ ತಯಾರಿರಬೇಕು. ನಾನು ಹಳೆಯ ಚಂದ್ರಿಕೆಗಳ ಬಿಚ್ಚಿದ ಕಟ್ಟುಗಳನ್ನು ಬಿಗಿಯಲು ಅವರ ಅಂಗಳಕ್ಕೆ ಹೋಗಿದ್ದೆ. ಹೊತ್ತು ನೆತ್ತಿಗೇರುತ್ತಿತ್ತು. ಬೋರಲಿಂಗ ನನ್ನ ಪಕ್ಕದಲ್ಲಿ ಕೂತು ಬಿದಿರು ಸೀಳಿ ಕೊಡುತ್ತಿದ್ದ. ಅವತ್ತು ಮಗಳಿಗೆ ಬಿಡುವಿಲ್ಲದೆ ಅಡಿಗೆಯನ್ನು ಅವನೇ ಮಾಡಿ ಇಳಿಸಿ ಬಂದಿದ್ದ. ಹುಡುಗಿ ಒಳಗೆ ತಟ್ಟೆಗಳಿಂದ ಹಣ್ಣು ಹುಳು ಆರಿಸುತ್ತಿದ್ದಳು. ಬಾಗಿಲು ತೆರೆದಿತ್ತು.

ಜವರಮ್ಮನ ದನಿ ಅವಳನ್ನು ಕರೆಯಿತು. ಅದನ್ನು ಕೆಳಗಿಟ್ಟು ಬಾ, ಇಲ್ಲಿ ಕೂತುಕೋ ಎಂದಿತು. ನಿಮ್ಮಪ್ಪ ಎಲ್ಲಿ ಎಂದು ಕೇಳಿತು. ಅಂಗಳದಲ್ಲಿ ತಾತನ ಜೊತೆ ಇದಾರೆ ಎಂದಳು ಹೊನ್ನಿ. ನನ್ನನ್ನು ಅವಳು ತಾತ ಎನ್ನುತ್ತಿದ್ದಳು. ಜವರಮ್ಮ ದನಿ ಇಳಿಸಿದಳು. ಇಳಿಸಿದರೂ ನಮಗೆ ಕೇಳುತ್ತಿತ್ತು.

"ನೋಡು ಮಗ, ಒಂದು ಮಾತು ಹೇಳ್ತೀನಿ, ಹೆದರ್ಕಬ್ಯಾಡ. ನಿಮ್ಮಪ್ಪಂದು ಬರೀ ಗಂಟಲಲ್ಲ ಕಣೆ. ನಾನೂ ನೋಡ್ತಾನೇ ಇವ್ನಿ. ಇಷ್ಟು ದಿನ ಕಷಾಯ ಕುಡುದ್ರೂ ಒಂದು ಮಾತು ಬರ್ನಿಲ್ಲ. ಕೂತ್ರೆ ಕೂತಂಗೇ ಅವ್ನೆ, ತಲೆ ಎತ್ತಲ್ಲ. ಏನೋ ದೊಡ್ಡದೇ ಸೇರ್ಕಂಡೈತೆ. ಉಳಿಯಾಕಿಲ್ಲ ಅನ್ಸುತ್ತೆ ನಂಗೆ."

ಬೋರಲಿಂಗನ ಕೈಯಲ್ಲಿದ್ದ ಮಚ್ಚು ನಿಂತಿತು.

ಒಳಗೆ ದನಿ ಹೇಳುತ್ತಲೇ ಇತ್ತು. ಆತುರವಿಲ್ಲದೆ, ಮಗಳ ತಲೆಯಲ್ಲಿ ಸಿಕ್ಕು ಬಿಡಿಸುವಾಗ ಮಾತಾಡುತ್ತಾರಲ್ಲ, ಹಾಗೆ ಹೇಳುತ್ತಿತ್ತು. ಅವನು ಹೋದರೆ ನಾವಿಬ್ಬರೇ ಎಂದಿತು. ಹುಳು ಸಾಕುವುದು ನಿನಗೆ ಬಂದಿದೆ, ಒಲೆ ಹಚ್ಚುವುದು ಬಂದಿದೆ, ರೋಗದ ತಟ್ಟೆಯನ್ನು ನೀನೊಬ್ಬಳೇ ಹೊತ್ತು ಹಾಕಿದೆಯಲ್ಲ, ಅಷ್ಟು ಎದೆ ಇದ್ದರೆ ಬದುಕುವುದಕ್ಕೆ ಸಾಕು ಎಂದಿತು. ಅಳುವುದಾದರೆ ಅಳು, ಹುಳುವಿಗೆ ಸೊಪ್ಪು ಹಾಕಿ ಬಂದು ಅಳು ಎಂದಿತು. ಆಮೇಲೆ ಹೇಳಿತು.

"ಅವನು ಹೋದ್ಮೇಲೆ ಅವನಿಗೆ ಹೇಳೋಳು ನೀನೇಯ. ನಾನೂ ನಿನ್ನಷ್ಟುದ್ದ ಇದ್ದಾಗ ನಮ್ ತಾತಂಗೆ ಹೇಳಿದ್ದೆ. ಸುತ್ತಿ ಬಳಸಿ ಹೇಳ್ಬಾರ್ದು. ಸತ್ತೋಗಿದ್ದೀಯ ಅಂತ್ಲೇ ಹೇಳ್ಬೇಕು. ನಾನು ಪಕ್ಕದಲ್ಲೇ ಕೂತಿರ್ತೀನಿ, ಏನೂ ಭಯ ಇಲ್ಲ."

ಊರಿನ ಪದ್ಧತಿಯನ್ನು ಇಷ್ಟು ಚೆನ್ನಾಗಿ ಬಲ್ಲವಳಿಗೂ ತನ್ನ ಸರದಿ ಬಂದದ್ದು ಹೊಳೆದಿರಲಿಲ್ಲ. ಯಾರಿಗೂ ಹೊಳೆಯುವುದಿಲ್ಲ. ಬೋರಲಿಂಗ ಎದ್ದ. ಬಾಗಿಲ ತನಕ ಹೋದ. ಚೌಕಟ್ಟು ಹಿಡಿದು ನಿಂತ. ನಾನೂ ಎದ್ದು ಅವನ ಹಿಂದೆ ನಿಂತೆ. ಹೊನ್ನಿ ಕಂಬದ ಎದುರಿಗೆ ಕೂತಿದ್ದಳು. ಅಪ್ಪನನ್ನು ನೋಡಿದಳು. ಅಪ್ಪ ತಲೆ ಅಲ್ಲಾಡಿಸಲಿಲ್ಲ, ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಅವಳು ಅವನಿಂದ ಕಣ್ಣು ತೆಗೆದು, ಎದ್ದು ನಿಂತು, ಲಂಗದ ನೆರಿಗೆ ಸರಿ ಮಾಡಿಕೊಂಡಳು.

"ಅವ್ವ, ಅಪ್ಪಂಗೆ ಏನೂ ಆಗಿಲ್ಲ. ಗಂಟಲು ಚೆನ್ನಾಗೈತೆ. ನಾನು ಸುಳ್ಳು ಹೇಳ್ದೆ. ಸತ್ತೋಗಿರೋದು ನೀನು."

ಇನ್ನೂ ಹಣ್ಣಾಗದ ಹುಳುಗಳು ಸೊಪ್ಪು ತಿನ್ನುವ ಸದ್ದೊಂದೇ, ಸೋನೆ ಹಿಡಿದ ಹಾಗೆ. ದೊಡ್ಡ ದೊಡ್ಡ ಗಂಡಸರು ಇಂಥ ಹೊತ್ತಲ್ಲಿ ಎದ್ದು ಹೊರಗೆ ಹೋಗಿ ಎಲೆಯಡಿಕೆ ಹಾಕಿಕೊಂಡದ್ದನ್ನು ನಾನು ನೋಡಿದ್ದೇನೆ. ಅವಳು ಕದಲಲಿಲ್ಲ.

ಯಾವಾಗ ಎಂದು ಕೇಳಿತು ದನಿ. ಸೊಪ್ಪು ಹೊತ್ತುಕೊಂಡು ಬಂದೆಯಲ್ಲ, ನೀರು ಕೇಳಿದೆಯಲ್ಲ, ಆಗ ಎಂದಳು ಹೊನ್ನಿ. ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳಿತು. ತೋಟದ ಬದಿಯಲ್ಲಿ, ಹುಣಸೆಮರದ ಕೆಳಗೆ ಎಂದಳು. ಯಾರ್ಯಾರು ಬಂದಿದ್ದರು ಎಂದು ಕೇಳಿತು. ಬಂದವರನ್ನೆಲ್ಲ ಹೇಳಿದಳು, ಬಾರದ ಸೋದರಮಾವನನ್ನೂ ಹೇಳಿದಳು. ಅವನು ಬರಲ್ಲ ಬಿಡು, ಬಂದಿದ್ದರೂ ಊಟ ಸರಿ ಇಲ್ಲ ಅಂತಿದ್ದ ಎಂದಿತು ದನಿ. ಹೀಗೆ ಒಂದೊಂದೇ ಕೇಳುತ್ತಾ ಹೋಯಿತು, ಇವಳು ಒಂದೊಂದೇ ಹೇಳುತ್ತಾ ಹೋದಳು. ನಡುವೆ ಒಮ್ಮೆ ದನಿ ಅತ್ತಿತು. ಹೊನ್ನಿಯೂ ಅತ್ತಳು. ಅಳುತ್ತಲೇ ನಿಂತಿದ್ದಳು.

ಅತ್ತು ಮುಗಿದ ಮೇಲೆ ಮಾತು ತೆಗೆದವಳು ಹೊನ್ನಿಯೇ. ಅದು ನಮ್ಮ ಯಾರ ಮನಸ್ಸಿನಲ್ಲೂ ಸುಳಿದಿರಲಿಲ್ಲ. ಅಷ್ಟು ದಿನ ಆ ಮಗು ಎದೆಯಲ್ಲಿ ಅದೊಂದು ಕಲ್ಲನ್ನು ಹೊತ್ತು ಸೊಪ್ಪು ಹಾಕುತ್ತಿತ್ತು.

"ಅವ್ವ, ಬಿಂದಿಗೇಲಿ ನೀರಿರ್ಲಿಲ್ಲ. ಹಿತ್ಲಿಗೋಗಿ ತರೋವಷ್ಟೊತ್ತಿಗೆ ಹಿಂಗಾಯ್ತು. ಬೆಳಿಗ್ಗೆ ನೀನು ತುಂಬ್ಸು ಅಂದಿದ್ದೆ, ನಾನು ತುಂಬಿರ್ಲಿಲ್ಲ."

"ಅದಕ್ಕಲ್ಲ ಕಣೆ," ಎಂದಿತು ದನಿ. "ಹೊರೆ ಹೊತ್ತಾಗ್ಲೇ ಎದೆ ಹಿಡ್ಕಂಡಿತ್ತು. ದಾರಿ ಪೂರ್ತಿ ಹಿಡ್ಕಂಡೇ ಬಂದೆ. ನೀರು ಕುಡುದ್ರೂ ಹೋಗ್ತಿದ್ದೆ. ಬಿಂದಿಗೆ ತುಂಬ್ಸದೆ ಇದ್ದದ್ದು ತಪ್ಪೇಯ, ಇನ್ಮೇಲೆ ತುಂಬ್ಸು. ನಾನು ಸತ್ತದ್ದು ನಿನ್ ತಪ್ಪಲ್ಲ. ಎರಡನ್ನೂ ಒಟ್ಟಿಗೆ ಕಟ್ಕಬ್ಯಾಡ."

ಆ ಮಾತನ್ನು ನಾನು ಹೇಳಿದ್ದರೆ, ಬೋರಲಿಂಗ ಹೇಳಿದ್ದರೆ, ಊರೆಲ್ಲ ಸೇರಿ ಹೇಳಿದ್ದರೂ ಆ ಮಗು ನಂಬುತ್ತಿತ್ತೇ? ಹೋದವಳೇ ಹೇಳಬೇಕಾಗಿತ್ತು. ನಮ್ಮೂರಲ್ಲಿ ಹೇಳುವ ಕೆಲಸ ಮಕ್ಕಳಿಗೆ ಯಾಕೆ ಬಿದ್ದಿತೋ ನನ್ನಂಥವನಿಗೆ ಗೊತ್ತಿಲ್ಲ. ಆದರೆ ಮಕ್ಕಳು ಹೇಳಿ ಬರಿಗೈಲಿ ಬರುವುದಿಲ್ಲ ಎಂಬುದು ಅವತ್ತು ಗೊತ್ತಾಯಿತು. ಹುಡುಗಿಯ ಬೆನ್ನು ನೆಟ್ಟಗಾದದ್ದು ಹಿಂದಿನಿಂದ ನೋಡುತ್ತಿದ್ದ ನಮಗೆ ಕಂಡಿತು.

ಹಾಗಾದರೆ ನಿಮ್ಮಪ್ಪನ ಗಂಟಲಿಗೆ ಏನೂ ಇರಲಿಲ್ಲವಾ ಎಂದು ದನಿ ಮತ್ತೆ ಕೇಳಿತು. ಇರಲಿಲ್ಲ ಎಂದಳು. ಮತ್ತೆ ಆ ಕಷಾಯ? ದಿನಾ ಕುಡೀತಿದ್ದರು ಎಂದಳು. ಎರಡು ಹೊತ್ತೂನಾ? ಎರಡು ಹೊತ್ತೂ, ಈಗ ಎದೆಯುರಿ ಬಂದಿದೆ ಎಂದಳು. ಜವರಮ್ಮ ನಕ್ಕಳು. ಬದುಕಿದ್ದಾಗ ಗೋಡೆಯಾಚೆಗೆ ಕೇಳುತ್ತಿದ್ದ ಅದೇ ನಗು, ಮೊದಲು ಮೂಗಿನಲ್ಲಿ ಶುರುವಾಗಿ ಆಮೇಲೆ ಹೊಟ್ಟೆಗೆ ಇಳಿಯುವುದು. ನಗು ಕೇಳಿ ಬೋರಲಿಂಗ ಚೌಕಟ್ಟಿಗೆ ತಲೆ ಒರಗಿಸಿದ. ಹೇಳು, ನಿಮ್ಮವ್ವನಿಗೆ ಹೇಳು ಎಂದ.

"ಅಪ್ಪ ಏನೋ ಹೇಳ್ಬೇಕು ಅಂತ ನಿಂತವ್ರೆ ಅವ್ವ. ಹೇಳಕ್ಕಾಗ್ತಾ ಇಲ್ಲ."

"ಗೊತ್ತು ಬಿಡು," ಎಂದಿತು ದನಿ. "ಮದ್ವೆ ಆದಾಗ್ಲಿಂದ ಅಷ್ಟೇ ಅವನು."

ಇನ್ನೇನಾದರೂ ಕೇಳುವುದಿದೆಯಾ ಎಂದು ಹೊನ್ನಿ ಕೇಳಿದಳು. ಮುಗಿಯಿತೇನೋ ಅಂದುಕೊಂಡೆವು. ಆಮೇಲೆ ದನಿ ಬಂತು, ಬಹಳ ಸಣ್ಣದಾಗಿ, ಪಡಸಾಲೆ ದಾಟಿ ಹೊರಟವರು ತಿರುಗಿ ಕೇಳಿದ ಹಾಗೆ.

"ಉಂಡ್ಯಾ ನೀನು?"

ಉಂಡೆ ಎಂದಿದ್ದರೆ ತಾಯಿ ನೆಮ್ಮದಿಯಾಗಿ ಹೋಗುತ್ತಿದ್ದಳಲ್ಲ ಎಂದು ನನ್ನ ಮನಸ್ಸಿಗೆ ಬಂತು.

"ಇಲ್ಲ," ಎಂದಳು ಹೊನ್ನಿ.

"ಹೊತ್ತೇರೈತೆ. ಉಣ್ಣೋಗು."

ಅಷ್ಟೆ. ಹುಡುಗಿ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದಳು. ಅವ್ವ ಎಂದು ಒಮ್ಮೆ ಕರೆದಳು. ಯಾರೂ ಓಗೊಡಲಿಲ್ಲ. ಆಮೇಲೆ ಹಿತ್ತಿಲಿಗೆ ಹೋಗಿ ಕೈಕಾಲು ಮುಖ ತೊಳೆದುಕೊಂಡು ಬಂದು, ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಳು. ಬೋರಲಿಂಗ ಒಳಗೆ ಹೋದ. ತಟ್ಟೆಗೆ ಮುದ್ದೆ ಇಟ್ಟ, ಸಾರು ಬಿಟ್ಟ. ಅವಳು ಒಂದು ತುತ್ತು ಮುರಿದು, ಅದ್ದಿ, ನುಂಗಿದಳು. ನಾನು ಚಂದ್ರಿಕೆ ಹೊತ್ತುಕೊಂಡು ಒಳಗಿಡಲು ಬಂದವನು ಅಲ್ಲೇ ನಿಂತೆ. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದ.

"ಅಪ್ಪ, ಸಾರಿಗೆ ಉಪ್ಪಿಲ್ಲ," ಎಂದಳು.

ಬೋರಲಿಂಗ ಎದ್ದ. ಯಾವ ಗೂಡು, ಯಾವ ಡಬ್ಬಿ ಎಂದು ಮಗಳನ್ನು ಕೇಳಲಿಲ್ಲ. ಒಂದೊಂದೇ ಮುಚ್ಚಳ ತೆಗೆದು ಮೂಸಿ ನೋಡಿ, ನಾಲಗೆಗೆ ಹಚ್ಚಿ ನೋಡಿ, ಕೊನೆಗೆ ಉಪ್ಪಿನ ಮರಿಗೆಯನ್ನು ಹುಡುಕಿ ತಂದು ಅವಳ ತಟ್ಟೆಯ ಪಕ್ಕದಲ್ಲಿ ಇಟ್ಟ.